ಪ್ಲಗ್ಗು ನೋಡಿ ತಂದ ಸೊಸೆ

ನಮ್ಮ ಚಿಕ್ಕಮಾವನವರು ನನ್ನನ್ನು ಈ ಮನೆಗೆ ಸೊಸೆಯಾಗಿ ತಂದದ್ದು ನನ್ನ ರೂಪ ನೋಡಿ ಅಲ್ಲ, ಗುಣ ನೋಡಿ ಅಲ್ಲ, ನಾನು ಕಷ್ಟಪಟ್ಟು ಓದಿದ ಎಂ.ಎಸ್ಸಿ. ನೋಡಿಯಂತೂ ಅಲ್ಲವೇ ಅಲ್ಲ. ನನ್ನ ತವರುಮನೆಯ ಜಗುಲಿಯಲ್ಲಿರುವ ಹದಿನೈದು ಆಂಪಿಯರಿನ ಪ್ಲಗ್ ಪಾಯಿಂಟು ನೋಡಿ! ತಮಾಷೆಗೆ ಹೇಳುತ್ತಿಲ್ಲ. ಮದುವೆಗೆ ಬಂದ ನಾಲ್ಕು ಜನರ ಮುಂದೆ, ನಾನು ಹಾರ ಹಾಕಿಕೊಂಡು ನಿಂತಿರುವಾಗಲೇ, ಅವರು ಎದೆಯುಬ್ಬಿಸಿ ಹೇಳಿದ ಮಾತು ಇದು: "ಪೊಣ್ಣೂ ಚೆನ್ನಾಗೈತೆ, ಅರ್ತಿಂಗೂ ಚೆನ್ನಾಗೈತೆ." ಪೊಣ್ಣೆಂದರೆ ಹೆಣ್ಣು, ಅರ್ತಿಂಗು ಪ್ಲಗ್ಗಿನದು. ಇಂಥ ಸರ್ಟಿಫಿಕೇಟು ಬೇರೆ ಯಾವ ಮದುಮಗಳಿಗೆ ಸಿಕ್ಕಿದೆ, ಹೇಳಿ?

ಚಿಕ್ಕಮಾವ ಎಂದರೆ ನನ್ನ ಮಾವನ ತಮ್ಮ. ತಮಿಳುನಾಡಿನ ಸೇಲಂನಲ್ಲಿ, ಕನ್ನಡ ಮಾತಾಡುವ ಈ ಅಣ್ಣತಮ್ಮಂದಿರದು ಒಂದೇ ಮನೆ, ಒಂದೇ ಒಲೆ. ಅಣ್ಣ ನಿವೃತ್ತ ಹೆಡ್‌ಮಾಸ್ತರು. ತಮ್ಮ ಸರ್ಕಾರಿ ಬಸ್ಸಿನ ನಿವೃತ್ತ ಡ್ರೈವರು. ಸರ್ವಿಸಿನ ಹೆಚ್ಚು ಭಾಗ ಅವರು ಓಡಿಸಿದ್ದು ಸೇಲಂ–ಹರೂರು ಬಸ್ಸನ್ನು. ಅವರ ಹೆಂಡತಿ, ಅಂದರೆ ನನ್ನ ಚಿಕ್ಕತ್ತೆಯ ತವರು ಹರೂರು. ಗಂಡನೇ ಡ್ರೈವರು, ಬಸ್ಸು ನೇರವಾಗಿ ತವರಿಗೆ! ಇದಕ್ಕಿಂತ ಅನುಕೂಲ ಒಬ್ಬ ಹೆಣ್ಣಿಗೆ ಇನ್ನೇನು ಬೇಕು?

ಆದರೆ ದೇವರಿಗೂ ಒಮ್ಮೊಮ್ಮೆ ತಮಾಷೆ ಮಾಡುವ ಮನಸ್ಸಾಗುತ್ತದೆ. ಚಿಕ್ಕತ್ತೆಗೆ ವಾಹನ ಆಗಿಬರುವುದಿಲ್ಲ. ಇಂಜಿನ್ನು ಅದುರಿದರೆ ಸಾಕು, ಹೊಗೆಯ ವಾಸನೆ ಮೂಗಿಗೆ ಸೋಕಿದರೆ ಸಾಕು, ಹೊಟ್ಟೆಯಲ್ಲಿರುವುದೆಲ್ಲ ಬಾಯಿಗೆ ಬರುತ್ತದೆ. ಬಸ್ಸು, ಕಾರು, ಆಟೋ ಎಂಬ ಭೇದಭಾವ ಅವರಿಗಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಲಾರಿಯೊಂದು ನಿಂತು ಗುರುಗುಟ್ಟಿದರೆ, ಇವರು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ! ತವರಿಗೆ ಹೋಗಲೇಬೇಕಾಗಿ ಬಂದಾಗ ಹೋಗಿದ್ದಾರೆ. ಹೋಗಿ ಇಳಿಯುವ ಹೊತ್ತಿಗೆ ಅರ್ಧ ಜೀವ. ಅಮ್ಮ ಹಾಸಿದ ಚಾಪೆಯ ಮೇಲೆ ಬಿದ್ದುಕೊಂಡರೆ ಆ ದಿನವಿಡೀ ಏಳುತ್ತಿರಲಿಲ್ಲ. ಮಗಳು ಬರುತ್ತಾಳೆಂದು ಅಮ್ಮ ಮಾಡಿಟ್ಟದ್ದನ್ನೆಲ್ಲ ಚಿಕ್ಕತ್ತೆಯ ಅಣ್ಣನ ಮಕ್ಕಳು ತಿನ್ನುತ್ತಿದ್ದರು. ಮಾರನೆಯ ದಿನ ಗಂಜಿ ಕುಡಿದು, ಕಣ್ಣೀರು ಹಾಕಿ, ಮತ್ತೆ ಬಸ್ಸು. ಅವರಿಗೆ ಇದ್ದದ್ದು ಒಂದೇ ಆಸೆ. ಮನುಷ್ಯರ ಹಾಗೆ ತವರಿಗೆ ಹೋಗಿ ಇಳಿಯಬೇಕು, ಅಮ್ಮ ಬಡಿಸಿದ್ದನ್ನು ಎದುರಿಗೆ ಕೂತು ಉಣ್ಣಬೇಕು. ಅಮ್ಮನಿಗೋ ವಯಸ್ಸಾಗುತ್ತಾ ಬಂತು, ಕಣ್ಣೂ ಮಂಜಾಗುತ್ತಾ ಬಂತು.

ಚಿಕ್ಕಮಾವ ಮಾತ್ರ ದಿನಾ ಹರೂರಿಗೆ ಹೋಗುತ್ತಿದ್ದರು. ಅವರ ಅತ್ತೆ, ಅಂದರೆ ಚಿಕ್ಕತ್ತೆಯ ಅಮ್ಮ, ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತು, ಡ್ರೈವರ್ ಸೀಟಿನ ಕಿಟಕಿಯಿಂದ ಅಳಿಯನಿಗೆ ಒಂದು ಗಂಟು ಕೊಡುತ್ತಿದ್ದರಂತೆ. ಒಂದು ದಿನ ಮುರುಕು, ಒಂದು ದಿನ ಹುರಿದ ಅವರೆಕಾಳು, ಒಂದು ದಿನ ಬರೀ ಕರಿಬೇವು. ಹರೂರಿನವರೆಲ್ಲ ನಗುತ್ತಿದ್ದರು, "ಇದೇನಮ್ಮಾ, ಮಗ್ಳು ತವರಿಗೆ ಬರಲ್ಲ, ಅಳಿಯ ದಿನಾ ಬತ್ತಾನೆ!" ಚಿಕ್ಕಮಾವ ಹಾರ್ನ್ ಒತ್ತಿ ಹೊರಟುಬಿಡುತ್ತಿದ್ದರಂತೆ.

ಇಂಥ ಮನುಷ್ಯ ನಿವೃತ್ತಿಯಾದ ಮೇಲೆ ಏನು ಮಾಡಬೇಕು? ವಾಕಿಂಗ್ ಹೋಗಬೇಕು, ಪೇಪರ್ ಓದಬೇಕು, ಅಣ್ಣನ ಜೊತೆ ಜಗಳವಾಡಬೇಕು. ಇವರು ಹೊಸೂರಿಗೆ ಹೋಗಿ ಒಂದು ವ್ಯಾನು ತಂದರು! ಅಲ್ಲಿನ ಕಾರ್ಖಾನೆಯೊಂದರಲ್ಲಿದ್ದ ಜಪಾನಿನ ಅಧಿಕಾರಿ ತನ್ನ ಸಂಸಾರಕ್ಕೆಂದು ತರಿಸಿಕೊಂಡಿದ್ದ ಗಾಡಿಯಂತೆ. ಅವರು ದೇಶಕ್ಕೆ ವಾಪಸು ಹೊರಟಾಗ ಇವರಿಗೆ ಮಾರಿದರು. ಏಳು ಸೀಟು. ಬಾಗಿಲು ತಾನೇ ಜಾರಿ ತೆರೆದುಕೊಳ್ಳುತ್ತದೆ. ಮುಖ್ಯ ವಿಷಯವೆಂದರೆ ಅದಕ್ಕೆ ಎರಡು ಹೊಟ್ಟೆ. ಒಂದು ಬ್ಯಾಟರಿ, ಒಂದು ಪೆಟ್ರೋಲು ಟ್ಯಾಂಕು. ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜು ಮಾಡಿದರೆ ಸುಮಾರು ಐವತ್ತು ಕಿಲೋಮೀಟರು ಕರೆಂಟಿನಲ್ಲೇ ಓಡುತ್ತದೆ. ಅದುರುವುದಿಲ್ಲ, ಗುರುಗುಟ್ಟುವುದಿಲ್ಲ, ಹೊಗೆಯಿಲ್ಲ. ಕರೆಂಟು ಮುಗಿದ ಕೂಡಲೇ ಯಾರನ್ನೂ ಕೇಳದೆ ಪೆಟ್ರೋಲು ಇಂಜಿನ್ನು ತಾನೇ ಶುರುವಾಗುತ್ತದೆ. ಲೋಕದಲ್ಲಿ ಬೇರೆ ಯಾರಿಗಾದರೂ ಇದು ವರ. ಆದರೆ ಸೇಲಂನಿಂದ ಹರೂರಿಗೆ ದೂರ ಅರವತ್ತು ಕಿಲೋಮೀಟರು!

ಮೊದಲನೇ ಸಲ ಹೋದಾಗ ಹರೂರು ಇನ್ನೇನು ಬಂತು ಎನ್ನುವಷ್ಟರಲ್ಲಿ ಇಂಜಿನ್ನು ಎದ್ದಿತಂತೆ. ಅಲ್ಲಿಯವರೆಗೆ ಕಿಟಕಿಯಾಚೆ ನೋಡುತ್ತಾ ಮಾವಿನ ತೋಪುಗಳನ್ನು ಹೊಗಳುತ್ತಿದ್ದ ಚಿಕ್ಕತ್ತೆ "ರೀ..." ಎಂದರು. ಮುಂದಿನದನ್ನು ನಾನು ಬರೆಯುವುದಿಲ್ಲ. ಮತ್ತದೇ ಚಾಪೆ, ಮತ್ತದೇ ನಿಂಬೆಹಣ್ಣು, ಮಾರನೆಯ ದಿನ ಗಂಜಿ.

ಅಂದಿನಿಂದ ಚಿಕ್ಕಮಾವನಿಗೆ ಹರೂರು ರಸ್ತೆಯ ನಡುವೆ ಒಂದು ಪ್ಲಗ್ಗಿನ ಹುಡುಕಾಟ. ಚಾರ್ಜಿಂಗ್ ಸ್ಟೇಷನ್ನುಗಳ ಮೂತಿಗೂ ಈ ಜಪಾನಿ ಗಾಡಿಯ ಬಾಯಿಗೂ ಹೊಂದುವುದಿಲ್ಲ. ಮನೆಯ ದೊಡ್ಡ ಪ್ಲಗ್ಗೇ ಆಗಬೇಕು. ಒಬ್ಬರೇ ಹೋಗಿ ಪರೀಕ್ಷೆ ಮಾಡಿದ ದಿನ ಟೀ ಅಂಗಡಿಯವರು ಕೊಟ್ಟರು, ಎರಡನೇ ದಿನ ಫ್ರಿಜ್ಜು ಕೆಟ್ಟಿತೆಂದು ಕೈಮುಗಿದರು. ಗುರುತಿಲ್ಲದವರ ಮನೆಯಲ್ಲಿ ಎಷ್ಟು ದಿನ ಕೇಳುವುದು? ನೆಂಟರ ಮನೆಯೇ ಬೇಕು. ನೆಂಟರು ಆ ರಸ್ತೆಯಲ್ಲಿ ಇಲ್ಲ. ಇಲ್ಲದಿದ್ದರೆ ಮಾಡಿಕೊಳ್ಳಬೇಕು! ಅದೇ ಹೊತ್ತಿಗೆ ಮನೆಯಲ್ಲಿ ಅಣ್ಣನ ಮಗನಿಗೆ, ಅಂದರೆ ಈಗ ನನ್ನ ಗಂಡನಾಗಿರುವವರಿಗೆ, ಹೆಣ್ಣು ನೋಡುತ್ತಿದ್ದರು.

ದಲ್ಲಾಳಿ ಬಂದು, "ಕಾರಿಮಂಗಲದಲ್ಲಿ ಒಂದ್ ಪೊಣ್ಣೈತೆ. ಡಾಕ್ಟ್ರು" ಎಂದನಂತೆ.

"ಡಾಕ್ಟ್ರಾದ್ರೆ ನಾನೇನ್ಮಾಡ್ಲಿ? ರೋಡೇ ಬೇರೆ ಅಲ್ವಾ?"

"ಓಮಲೂರಲ್ಲಿ ಒಳ್ಳೇ ಕುಟುಂಬ..."

"ಅದಿನ್ನೂ ಆ ಕಡೆ. ಬ್ಯಾಡ."

"ಓಗ್ಲಿ, ಹರೂರಲ್ಲೇ ಒಂದು ನೋಡ್ಲಾ?"

"ಅಲ್ಲಿಗೆ ಓಗೋಕಾಗ್ದೇ ತಾನೇ ನಡೂಮಧ್ಯ ಹುಡುಕ್ತಿರೋದು! ಮಂಜವಾಡಿ ಘಾಟಿ ಇಳಿದ್ಮೇಲೆ, ಹರೂರಿಗೆ ಮುಂಚೆ. ಜಗುಲಿ ಇರೋ ಮನೆ ನೋಡು. ಗ್ರೈಂಡರ್ ಐತಾ ಕೇಳು."

ದಲ್ಲಾಳಿ ತನ್ನ ಜೀವಮಾನದಲ್ಲಿ ಜಾತಕ ಕೇಳಿದವರನ್ನು, ಬಣ್ಣ ಕೇಳಿದವರನ್ನು, ಒಡವೆ ಕೇಳಿದವರನ್ನು ನೋಡಿದ್ದ. ಗ್ರೈಂಡರ್ ಕೇಳಿದವರನ್ನು ಇದೇ ಮೊದಲು ನೋಡಿದ್ದು. ಆದರೂ ಆ ಪುಣ್ಯಾತ್ಮ ಹುಡುಕಿಕೊಂಡು ನಮ್ಮ ಮನೆಗೆ ಬಂದ. ನಮ್ಮ ಮನೆ ಪಾಪಿರೆಡ್ಡಿಪಟ್ಟಿಯಲ್ಲಿ, ರಸ್ತೆಗೆ ಸೇರಿಕೊಂಡಂತೆ. ನಮ್ಮಮ್ಮ ಮನೆಯಲ್ಲೇ ಇಡ್ಲಿ-ದೋಸೆ ಹಿಟ್ಟು ರುಬ್ಬಿ ಮಾರುತ್ತಾಳೆ. ಅದಕ್ಕೆಂದೇ ಜಗುಲಿಯಲ್ಲಿ ದೊಡ್ಡ ಗ್ರೈಂಡರು, ಅದಕ್ಕೊಂದು ದೊಡ್ಡ ಪ್ಲಗ್ಗು. ನನ್ನ ಹಣೆಬರಹ ಇದ್ದದ್ದು ಅಲ್ಲಿ!

ಹೆಣ್ಣು ನೋಡಲು ಅವರು ಬಂದ ದಿನ ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಒಂದಿಷ್ಟೂ ಸದ್ದಿಲ್ಲದೆ ಮನೆಯಷ್ಟು ದೊಡ್ಡ ಗಾಡಿ ಬಂದು ನಿಂತಿತು. ಬಾಗಿಲು ತಾನಾಗಿ ಜಾರಿತು. ಒಳಗಿನಿಂದ ಒಬ್ಬ ಹೆಂಗಸು ಕೋಗಿಲೆ ಕಂಠದಲ್ಲಿ ಜಪಾನಿ ಭಾಷೆಯಲ್ಲಿ ಏನೋ ಹೇಳಿದಳು. ನಮ್ಮಜ್ಜಿ ಗಾಬರಿಯಾಗಿ, "ಹುಡುಗಂಗೆ ಆಗ್ಲೇ ಒಂದ್ ಮದ್ವೆ ಆಗೈತಾ?" ಎಂದಳು. ಅದು ಗಾಡಿಯೇ ಆಡುವ ಮಾತು, ಅದನ್ನು ನಿಲ್ಲಿಸುವುದು ಹೇಗೆಂದು ಹೊಸೂರಿನಿಂದ ಸೇಲಂವರೆಗೆ ಯಾರಿಗೂ ಗೊತ್ತಿಲ್ಲ ಎಂದು ಆಮೇಲೆ ತಿಳಿಯಿತು.

ಎಲ್ಲರೂ ಇಳಿದು ಕೈಕಾಲು ತೊಳೆಯುತ್ತಿದ್ದರೆ ಚಿಕ್ಕಮಾವ ಜಗುಲಿಯ ಗೋಡೆ ನೋಡುತ್ತಿದ್ದರು. ಮದುಮಗನ ಕೈಯಲ್ಲಿ ಹೂವಿಲ್ಲ, ಹಣ್ಣಿಲ್ಲ, ಹೆಬ್ಬಾವಿನಂಥ ವೈರು! ಪಾಪ, ಅವರು ಕಿವಿಯವರೆಗೆ ಕೆಂಪಾಗಿ ನಮ್ಮಮ್ಮನ ಮುಂದೆ ನಿಂತು, "ಅತ್ತೆ... ಸಾರಿ, ಆಂಟಿ, ಗ್ರೈಂಡರ್ ಒಂಚೂರು ನಿಲ್ಲಿಸ್ಬೋದಾ?" ಎಂದು ಕೇಳಿದರು. ಅರ್ಧ ರುಬ್ಬಿದ ಹಿಟ್ಟು ನೋಡಿ ಅವರಿಗೇ ಅಳು ಬರುವ ಹಾಗಾಗಿತ್ತು. ನನಗೆ ಅವರು ಹಿಡಿಸಿದ್ದು ಆಗಲೇ. ಆದರೆ ನನ್ನನ್ನು ಯಾರು ಕೇಳಿದರು?

ಈಗ ಒಂದು ಪದ್ಧತಿ ಹೇಳಬೇಕು. ಹೆಣ್ಣು ನೋಡಲು ಬಂದವರು ಕಾಫಿ ಕುಡಿಯಬಹುದು, ಬಜ್ಜಿ ತಿನ್ನಬಹುದು. ಊಟ ಮಾತ್ರ ಮಾಡುವ ಹಾಗಿಲ್ಲ. ಎಲೆಯ ಮುಂದೆ ಕೂತು ಕೈ ನೆನೆಸಿದರೆ ಸಂಬಂಧ ಒಪ್ಪಿದಂತೆ. ಆಮೇಲೆ ಹಿಂದೆ ಸರಿಯುವಂತಿಲ್ಲ. ಹಾಗಾಗಿ ಬುದ್ಧಿವಂತರು ಊಟದ ಹೊತ್ತಿಗೆ ಮುಂಚೆಯೇ "ಮನೇಗೋಗಿ ಹೇಳಿ ಕಳಿಸ್ತೀವಿ" ಎಂದು ಎದ್ದುಬಿಡುತ್ತಾರೆ. ನನ್ನ ಮಾವನೂ ಎದ್ದರು. ಹೆಡ್‌ಮಾಸ್ತರರಲ್ಲವೇ, ಅವಸರದ ತೀರ್ಮಾನ ಅವರಿಗಾಗದು. ಚಿಕ್ಕಮಾವ ಏಳಲಿಲ್ಲ.

"ಏಳಲಾ, ಒತ್ತಾಯ್ತು" ಎಂದರು ಮಾವ.

"ಎಂಗೆ ಏಳ್ಲಿ? ಈಗ್ತಾನೇ ಚಾರ್ಜು ಏರ್ತಿರೋದು. ಘಾಟಿ ಬೇರೆ ಏರ್ಬೇಕು. ಇಂಜಿನ್ ಎದ್ರೆ ಇವ್ಳ ಗತಿ?"

ಚಿಕ್ಕತ್ತೆ ತಲೆ ತಗ್ಗಿಸಿ ಕೂತಿದ್ದರು. ಬರುವಾಗ ಅವರಿಗೆ ಏನೂ ಆಗಿರಲಿಲ್ಲ. ಹೋಗುವಾಗ ಆಗಬಾರದಷ್ಟೇ. ಹನ್ನೆರಡಾಯಿತು, ಒಂದಾಯಿತು. ಗಂಡಿನ ಕಡೆಯವರು ಎರಡನೇ ಸಲ ಕಾಫಿ ಕುಡಿದರು, ಹವಾಮಾನದ ಬಗ್ಗೆ ಮಾತಾಡಿದರು, ನಮ್ಮ ಕ್ಯಾಲೆಂಡರಿನ ದೇವರುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಮುರುಗನೂ ಅವರನ್ನು ಕಾಪಾಡಲಿಲ್ಲ. ಒಳಗೆ ನಮ್ಮಪ್ಪನಿಗೆ ಪೇಚಾಟ. ಊಟದ ಹೊತ್ತಿಗೆ ಮನೆಯಲ್ಲಿರುವವರಿಗೆ ಊಟ ಹಾಕದಿದ್ದರೆ ತಪ್ಪು, ಹಾಕಿದರೆ ಬಲವಂತ ಮಾಡಿ ಒಪ್ಪಿಸಿದ ಹಾಗೆ!

ತೀರ್ಪು ಕೊಟ್ಟವಳು ನಮ್ಮಜ್ಜಿ. ಅವಳು ಜಗುಲಿಗೆ ಹೋಗಿ ವೈರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಬಂದಳು.

"ಅವ್ರ ವಂಡಿ ಬೆಳಗ್ಗೆಯಿಂದ ನಮ್ಮನೇಲಿ ಕುಂತು ಉಣ್ತೈತೆ. ವಂಡಿ ಉಂಡ್ಮೇಲೆ ಅವ್ರು ಉಂಡಂಗೇ ಲೆಕ್ಕ. ಎಲೆ ಹಾಕ್ರೋ!"

ಮಾವ ಏನೋ ಹೇಳಲು ಬಾಯಿ ತೆರೆದರು. ಚಿಕ್ಕಮಾವ ಅಷ್ಟರಲ್ಲಿ ಎಲೆಯ ಮುಂದೆ ಕೂತು ನೀರು ಚಿಮುಕಿಸಿಯಾಗಿತ್ತು. "ಅಜ್ಜಿ ಹೇಳಿದ್ದು ಕರೆಕ್ಟು. ಕೂತ್ಕೊಳಣ್ಣಾ, ಎಪ್ಪತ್ತು ಪರ್ಸೆಂಟ್ ಆಗೈತೆ" ಎಂದರು. ಹೀಗೆ ನನ್ನ ಮದುವೆ ನಿಶ್ಚಯವಾಯಿತು. ಮಾರನೆಯ ಬೆಳಗ್ಗೆ ನಮ್ಮ ಬೀದಿಯವರೆಲ್ಲ ಕಲ್ಲಿನಂಥ ಇಡ್ಲಿ ತಿಂದು ನಮ್ಮಮ್ಮನನ್ನು ಬೈದರು.

ಮದುವೆಯಾಗಿ ಬಂದ ಮೇಲೆ ತಿಳಿಯಿತು, ನಮ್ಮದು ಆರು ಜನರ ಮನೆ, ಏಳನೇ ಸೀಟು ವೈರಿಗೆ ಮೀಸಲು. ಗಾಡಿ ಹತ್ತಿದರೆ ಚಿಕ್ಕಮಾವನ ಶಿಸ್ತು ಪಟಾಲಮ್ಮಿನ ಶಿಸ್ತು. ಏಸಿ ಹಾಕುವಂತಿಲ್ಲ, ಕರೆಂಟು ಕುಡಿಯುತ್ತದೆ. ಕಿಟಕಿ ತೆರೆಯುವಂತಿಲ್ಲ, ಗಾಳಿ ಹಿಂದಕ್ಕೆ ಎಳೆಯುತ್ತದೆ. ಮಂಜವಾಡಿ ಘಾಟಿಯಲ್ಲಿ ಒಮ್ಮೆ ಅಣ್ಣನನ್ನೇ ಇಳಿಸಿ, "ನಡ್ಕೊಂಡ್ ಬಾಣ್ಣಾ, ಒಡಂಬಿಗೂ ಒಳ್ಳೇದು" ಎಂದರು. ಊರೂರಿನ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಹೆಡ್‌ಮಾಸ್ತರರು ಕೋತಿಗಳ ನಡುವೆ ಪಂಚೆ ಎತ್ತಿ ಕಟ್ಟಿಕೊಂಡು ಘಾಟಿ ಹತ್ತಿದರು!

ಓಮಲೂರಿನಲ್ಲಿ ದೂರದ ನೆಂಟರೊಬ್ಬರು ತೀರಿಕೊಂಡಾಗ ನಡೆದದ್ದು ಇನ್ನೂ ಘೋರ. ಸಾವಿನ ಮನೆಯಿಂದ ಹೊರಡುವಾಗ ನಮ್ಮಲ್ಲಿ ಹೇಳಿ ಹೊರಡುವಂತಿಲ್ಲ. "ಹೋಗಿಬರ್ತೀನಿ" ಎಂದರೆ ಆ ಮನೆಗೆ ಮತ್ತೆ ಅಂಥದ್ದೇ ಕೆಲಸಕ್ಕೆ ಬರುತ್ತೇನೆ ಎಂದ ಹಾಗೆ. ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡು, ತಲೆ ತಗ್ಗಿಸಿ, ಕಳ್ಳರ ಹಾಗೆ ಬಂದು ಗಾಡಿಯಲ್ಲಿ ಕೂತೆವು. ಚಿಕ್ಕಮಾವ ಬಟನ್ ಒತ್ತಿದರು. ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಆ ಜಪಾನಿ ಮಹಾತಾಯಿ ಇಡೀ ಬೀದಿಗೆ ಕೇಳುವಂತೆ, ಮದುವೆಮನೆಯಿಂದ ಹೊರಟವಳ ಹಾಗೆ, ಲವಲವಿಕೆಯಿಂದ ಉದ್ದಕ್ಕೆ ಏನೋ ಹೇಳಿಯೇಬಿಟ್ಟಳು! ಪೆಂಡಾಲಿನಲ್ಲಿ ಕೂತಿದ್ದ ಕಿವಿ ಮಂದದ ಮುದುಕರೊಬ್ಬರು ಕೈಯೆತ್ತಿ, "ಆಯ್ತಮ್ಮಾ, ಓಗ್ಬುಟ್ಟು ಬಾ" ಎಂದರು. ಪೆಂಡಾಲಿಗೆ ಪೆಂಡಾಲೇ ನಮ್ಮ ಕಡೆ ತಿರುಗಿತು. ಅಂದಿನಿಂದ ಆ ಮನೆಯವರು ನಮ್ಮನ್ನು ಯಾವ ಕಾರ್ಯಕ್ಕೂ ಕರೆದಿಲ್ಲ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ.

"ಅವ್ಳನ್ನ ಬಯ್ಬೇಡ್ರಿ" ಎಂದು ಚಿಕ್ಕಮಾವ ಗಾಡಿಯ ಪರ ವಹಿಸಿದರು. "ಪಾಪ, ನಮ್ಮ ಪದ್ಧತಿ ಅವ್ಳಿಗೇನ್ ತೆರಿಯುತ್ತೆ, ಏನ್ ಗೊತ್ತು?"

ಕೊನೆಗೂ ಹರೂರಿಗೆ ಹೊರಡುವ ದಿನ ಬಂತು. ಚಿಕ್ಕತ್ತೆ ಬೆಳಗಿನಿಂದ ಹನಿ ನೀರನ್ನೂ ಮುಟ್ಟಲಿಲ್ಲ. ಪ್ರಯಾಣವೆಂದರೆ ಉಪವಾಸ ಎಂದು ಅವರ ದೇಹ ಕಲಿತುಬಿಟ್ಟಿದೆ. ಪಾಪಿರೆಡ್ಡಿಪಟ್ಟಿಗೆ ಹೋದೆವು. ನೆಂಟರು ಬಂದರೆ ಕಾಫಿಗೆ ಮುಂಚೆ ಗ್ರೈಂಡರ್ ನಿಲ್ಲಿಸುವುದು ಅಷ್ಟರಲ್ಲಿ ನಮ್ಮಮ್ಮನಿಗೆ ರೂಢಿಯಾಗಿತ್ತು. ವೈರು ಸಿಕ್ಕಿಸಿದೆವು. ಆದರೆ ಗಳಿಗೆ ಕಳೆಯುವಷ್ಟರಲ್ಲಿ ಕರೆಂಟೇ ಹೋಯಿತು! ತಿಂಗಳಿಗೊಮ್ಮೆ ಲೈನು ರಿಪೇರಿಗೆ ಹಗಲಿಡೀ ಕರೆಂಟು ತೆಗೆಯುತ್ತಾರಲ್ಲ, ಆ ದಿನ ಅದು. ಊರಿಗೆಲ್ಲ ಗೊತ್ತಿತ್ತು, ನಮಗೆ ಮಾತ್ರ ಗೊತ್ತಿರಲಿಲ್ಲ.

ಚಿಕ್ಕಮಾವ ಗಾಡಿಯಲ್ಲಿ ಕೂತು ಲೆಕ್ಕ ನೋಡಿದರು. ಹರೂರಿಗೆ ಸಾಕಾಗಬಹುದು, ಆಗದೆಯೂ ಇರಬಹುದು. ಎಲ್ಲರೂ ಅವರ ಮುಖ ನೋಡಿದೆವು.

"ಇನ್ನೊಂದಿನ ಓಗಾಣ ಬಿಡಿ" ಎಂದರು ಚಿಕ್ಕತ್ತೆ. ಧ್ವನಿ ಮೆತ್ತಗಿತ್ತು.

"ಇನ್ನೊಂದಿನ, ಇನ್ನೊಂದಿನ ಅಂತ ಎಷ್ಟ್ ವರ್ಷ ಆಯ್ತು? ಅಮ್ಮಂಗೆ ಈಗ್ಲೇ ನಿನ್ ಮೊಕ ಸರಿಯಾಗ್ ಕಾಣಲ್ಲ" ಎಂದರು ಚಿಕ್ಕಮಾವ. ಆಮೇಲೆ ನಮ್ಮ ಕಡೆ ತಿರುಗಿ, "ಎಲ್ರೂ ಇಳೀರಿ. ಬಸ್ಸಲ್ ಬನ್ನಿ" ಎಂದರು.

ಅಣ್ಣ, ಅತ್ತಿಗೆ, ಅಣ್ಣನ ಮಗ, ತಿಂಡಿಯ ಗಂಟು, ನೀರಿನ ಕ್ಯಾನು, ಕೊನೆಗೆ ಆ ವೈರು ಕೂಡ ಇಳಿಯಿತು. ಹೆಬ್ಬಾವನ್ನು ಹೆಗಲಿಗೆ ಹಾಕಿಕೊಂಡು ನನ್ನ ಗಂಡ ಟೌನ್ ಬಸ್ಸು ಕಾಯುತ್ತಾ ನಿಂತರು. ನಾನೂ ಇಳಿಯಲು ಹೋದೆ. "ನೀನಿರಮ್ಮಾ. ಅವ್ಳ ಕೈ ಇಡ್ಕೊಂಡಿರು" ಎಂದರು.

ಏಳು ಸೀಟಿನ ಗಾಡಿಯಲ್ಲಿ ಮೂರೇ ಜನ ಹೊರಟೆವು. ಎತ್ತಿನ ಗಾಡಿಯೂ ನಮ್ಮನ್ನು ಹಿಂದೆ ಹಾಕುವಷ್ಟು ನಿಧಾನ. ಹಿಂದಿನಿಂದ ಲಾರಿಗಳು ಹಾರ್ನ್ ಒತ್ತಿ ಬೈದುಕೊಂಡು ಹೋದವು. ಸರ್ವಿಸ್ ಕಾಲದಲ್ಲಿ ಯಾರಿಗೂ ದಾರಿ ಬಿಡದಿದ್ದ ಮನುಷ್ಯ ಎಲ್ಲರಿಗೂ ದಾರಿ ಬಿಟ್ಟರು. ಚಿಕ್ಕತ್ತೆಯ ಕೈ ನನ್ನ ಕೈಯಲ್ಲಿ ಬೆವರುತ್ತಿತ್ತು. ಚಿಕ್ಕಮಾವ ಬಾಯೊಳಗೇ, "ಎದ್ದೇಳ್ಬೇಡ ತಾಯಿ, ಎದ್ದೇಳ್ಬೇಡ" ಎಂದು ಇಂಜಿನ್ನಿಗೆ ಬೇಡಿಕೊಳ್ಳುತ್ತಿದ್ದರು. ನನಗೆ ನಗು ಬಂತು. ನಗಲಿಲ್ಲ.

ಇಂಜಿನ್ನು ಏಳಲಿಲ್ಲ.

ಗಾಡಿ ಮನೆಯ ಮುಂದೆ ಬಂದು ನಿಂತದ್ದು ಒಳಗೆ ಯಾರಿಗೂ ಕೇಳಿಸಲಿಲ್ಲ; ಜಪಾನಿ ಮಹಾತಾಯಿಯ ಮಾತನ್ನು ಪಕ್ಕದ ಮನೆಯ ರೇಡಿಯೋ ಎಂದುಕೊಂಡಿರಬೇಕು. ಹರೂರಿನ ಅಜ್ಜಿ, ಚಿಕ್ಕತ್ತೆಯ ಅಮ್ಮ, ಹೊಸಿಲ ಬಳಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪಕ್ಕದಲ್ಲಿ ಆಗಲೇ ಹಾಸಿಟ್ಟ ಚಾಪೆ. ಚಿಕ್ಕತ್ತೆ ಯಾರ ಕೈಯನ್ನೂ ಹಿಡಿಯದೆ ಇಳಿದರು. ಸೆರಗು ಸರಿಮಾಡಿಕೊಂಡು ನಡೆದುಹೋಗಿ ಅಮ್ಮನ ಎದುರಿಗೆ ನಿಂತರು.

"ಯಾರಮ್ಮಾ?" ಎಂದರು ಅಜ್ಜಿ, ಕಣ್ಣು ಕಿರಿದು ಮಾಡಿಕೊಂಡು. ಮಗಳು ತನ್ನ ಕಾಲ ಮೇಲೆ ನಡೆದು ಬರುತ್ತಾಳೆಂದು ಅವರು ಎಣಿಸಿರಲಿಲ್ಲ.

"ನಾನಮ್ಮಾ. ಹೊಟ್ಟೆ ಹಸೀತೈತೆ. ಉಣ್ಣಾಕೇನೈತೆ?"

ಅಜ್ಜಿ ಎದ್ದರು, ಮತ್ತೆ ಕೂತರು, ಮತ್ತೆ ಎದ್ದರು. "ಅಯ್ಯೋ ನನ್ ಕಂದಾ, ನೀನು ಉಣ್ಣಲ್ಲ ಅಂತ ನಿಂಗೇನೂ ಮಾಡ್ಲಿಲ್ವಲ್ಲೇ! ಬರೀ ಮುದ್ದೆ, ಸೊಪ್ಪಿನ್ ಸಾರು..." ಎಂದು ತಲೆ ಚಚ್ಚಿಕೊಂಡು ಅಳತೊಡಗಿದರು.

"ಅದೇ ಹಾಕಮ್ಮಾ" ಎಂದು ಚಿಕ್ಕತ್ತೆ ಆ ಚಾಪೆಯನ್ನು ಸುತ್ತಿ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತರು. ಅಜ್ಜಿ ಅಂದಾಜಿನಿಂದಲೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಮಗಳ ಬಾಯಿ ಎಲ್ಲಿದೆ ಎಂದು ಎಡಗೈಯಿಂದ ಮುಖ ಮುಟ್ಟಿ ನೋಡಿ, ತುತ್ತು ಇಟ್ಟರು. ಅರವತ್ತು ದಾಟಿದ ಮಗಳು ಬಾಯಿ ತೆರೆದು ತಿಂದರು.

ನಾನು ಚಿಕ್ಕಮಾವನನ್ನು ಹುಡುಕಿದೆ. ಅವರು ಒಳಗೆ ಬಂದಿರಲಿಲ್ಲ. ಬಾಗಿಲ ಹೊರಗೆ ನಿಂತು, ಗೋಡೆ ಹಿಡಿದುಕೊಂಡು, ಒಳಗೆ ನೋಡುತ್ತಾ ಮಗುವಿನ ಹಾಗೆ ಅಳುತ್ತಿದ್ದರು. ಮರೆಮಾಡುವ ಗೋಜಿಗೂ ಹೋಗಿರಲಿಲ್ಲ. ಅಲ್ಲಿಯವರೆಗೆ ಈ ಮನುಷ್ಯನನ್ನು ನೋಡಿ ಎಷ್ಟೋ ಸಲ ನಕ್ಕಿದ್ದ ನನಗೆ, ಇಂಥ ಗಂಡಸು ಇರುವ ಮನೆಗೆ ಸೇರಿದ್ದು ನನ್ನ ಪುಣ್ಯ ಎನ್ನಿಸಿತು.

"ಒಳಗ್ ಬನ್ನಿ ಮಾವಾ" ಎಂದೆ.

"ಇರಮ್ಮಾ, ಬತ್ತೀನಿ" ಎಂದರು. "ಅವ್ಳು ಇನ್ನೊಂದ್ ತುತ್ತು ತಿನ್ಲಿ. ನೋಡ್ತೀನಿ."